ರೋಬೋಟ್ ಬಂದ ಗೋಡೌನ್‌ನಲ್ಲಿ ಸೊಂಟ, ಹೆಗಲು, ಕೈ ಉಳಿಸಿಕೊಳ್ಳುವುದು ಹೇಗೆ

ನೆಲಮಂಗಲದಿಂದ ದಾಬಸ್‌ಪೇಟೆ ಕಡೆಗೆ ತುಮಕೂರು ರಸ್ತೆಯಲ್ಲಿ ಹೋದರೆ ಎಡಕ್ಕೂ ಬಲಕ್ಕೂ ಗೋಡೌನ್‌ಗಳೇ. ಆ ಕಡೆ ಹೊಸಕೋಟೆ, ಮಾಲೂರು, ಅತ್ತಿಬೆಲೆಯಲ್ಲೂ ಅಷ್ಟೇ. ಅಂಥ ಒಂದರಲ್ಲಿ ನಾನು ಆರು ವರ್ಷದಿಂದ ಇದ್ದೇನೆ. ಮೊದಲ ಮೂರು ವರ್ಷ ಟ್ರಾಲಿ ತಳ್ಳಿಕೊಂಡು ರ‍್ಯಾಕ್‌ಗಳ ಮಧ್ಯೆ ನಡೆದು ಆರ್ಡರ್ ಬಂದ ಸಾಮಾನು ತೆಗೆಯುವ ಪಿಕ್ಕಿಂಗ್ ಕೆಲಸ. ಆಮೇಲೆ ರೋಬೋಟ್ ಬಂತು. ಈಗ ಹೊಸಬರಿಗೆ ಸ್ಟೇಷನ್ (ರೋಬೋಟ್ ಸಾಮಾನು ತಂದು ನಿಲ್ಲಿಸುವ, ನಾವು ನಿಂತು ಕೆಲಸ ಮಾಡುವ ಜಾಗ) ಕೆಲಸ ಹೇಳಿಕೊಡುತ್ತೇನೆ.

ರೋಬೋಟ್ ಬರುತ್ತದೆ ಅಂದಾಗ ನಾವೆಲ್ಲ ಖುಷಿಪಟ್ಟೆವು. ದಿನಾ ಅಷ್ಟು ದೂರ ನಡೆದು ರಾತ್ರಿ ಕಾಲು ಸೇದಿ ನಿದ್ದೆ ಬಾರದೆ ಒದ್ದಾಡುವುದು ತಪ್ಪುತ್ತದಲ್ಲ ಅಂತ. ನಡೆಯುವುದೇನೋ ತಪ್ಪಿತು. ಆದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ ನನ್ನ ಬಲಹೆಗಲು ಹಿಡಿದುಕೊಂಡಿತು. ತಲೆ ಬಾಚಲು ಕೈ ಎತ್ತಿದರೂ ಚಳಕು ಹೊಡೆಯುತ್ತಿತ್ತು. ಪಕ್ಕದ ಸ್ಟೇಷನ್ನಿನವನಿಗೆ ಸೊಂಟ. ಯಾಕೆ ಹೀಗೆ ಅಂತ ಅರ್ಥವಾಗಲು ತುಂಬ ದಿನ ಬೇಕಾಯಿತು. ಒಂದು ರ‍್ಯಾಕಿನಿಂದ ಇನ್ನೊಂದಕ್ಕೆ ನಡೆದು ಹೋಗುತ್ತಿದ್ದ ಆ ಅರ್ಧ ನಿಮಿಷ ಇತ್ತಲ್ಲ, ನಮ್ಮ ಕೈಗೂ ಹೆಗಲಿಗೂ ಸೊಂಟಕ್ಕೂ ಸಿಗುತ್ತಿದ್ದ ಬಿಡುವು ಅದೇ ಆಗಿತ್ತು. ರೋಬೋಟ್ ಬಂದ ಮೇಲೆ ಆ ಬಿಡುವು ಹೋಯಿತು, ಬಗ್ಗುವುದು, ಎತ್ತುವುದು, ತಿರುಗುವುದು ಮಾತ್ರ ಉಳಿಯಿತು, ಅದೂ ಮೊದಲಿಗಿಂತ ಎಷ್ಟೋ ಜಾಸ್ತಿ ಸಲ.

ಆ ಬಿಡುವನ್ನು ಶಿಫ್ಟಿನ ಒಳಗೇ ಎಲ್ಲೆಲ್ಲಿ ವಾಪಸ್ ಪಡೆಯಬಹುದು, ಉಳಿದ ಕೆಲಸವನ್ನು ಮೈಗೆ ಪೆಟ್ಟಾಗದಂತೆ ಹೇಗೆ ಮಾಡಬಹುದು ಅಂತ ನಾನು ಕಲಿತದ್ದನ್ನು ಬರೆಯುತ್ತೇನೆ. ನೀವು ಪಿಕ್ಕಿಂಗ್, ಸ್ಟೋಯಿಂಗ್ (ಬಂದ ಸಾಮಾನು ಶೆಲ್ಫಿಗೆ ತುಂಬುವುದು), ಪ್ಯಾಕಿಂಗ್ ಯಾವುದೇ ಮಾಡುತ್ತಿರಿ, ಉಪಯೋಗಕ್ಕೆ ಬರುತ್ತದೆ.

ಈ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ನೆಲಕ್ಕೆ ಅಂಟಿಕೊಂಡಂತಿರುವ ಚಪ್ಪಟೆ ರೋಬೋಟ್ ಒಂದು ಇಡೀ ಶೆಲ್ಫಿನ ಕೆಳಗೆ ನುಗ್ಗಿ, ಅದನ್ನು ಎತ್ತಿಕೊಂಡು ನೀವು ನಿಂತಿರುವ ಜಾಗಕ್ಕೇ ತರುತ್ತದೆ. ಆ ಶೆಲ್ಫಿಗೆ ಪಾಡ್ ಅನ್ನುತ್ತಾರೆ. 2012ರಲ್ಲಿ ಅಮೆಜಾನ್ ಕಂಪನಿ ಕಿವಾ ಸಿಸ್ಟಮ್ಸ್ ಎಂಬ ಅಮೆರಿಕದ ರೋಬೋಟ್ ಕಂಪನಿಯನ್ನು ಕೊಂಡುಕೊಂಡ ಮೇಲೆ ಇದು ಹೆಚ್ಚು ಸುದ್ದಿಯಾಯಿತು. ಈಗ ಗ್ರೇ ಆರೆಂಜ್, ಆಡ್‌ವರ್ಬ್‌ನಂಥ ನಮ್ಮ ದೇಶದಲ್ಲೇ ಹುಟ್ಟಿದ ಕಂಪನಿಗಳೂ ಗೋಡೌನ್ ರೋಬೋಟ್ ಮಾಡುತ್ತವೆ.

ಮೊದಲು ಪಾದ ತಿರುಗಲಿ

ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದು. ಬೇರೇನೂ ನೆನಪಿರದಿದ್ದರೂ ಪರವಾಗಿಲ್ಲ, ಇದೊಂದು ನೆನಪಿಟ್ಟುಕೊಳ್ಳಿ.

ಸ್ಟೇಷನ್ನಿನಲ್ಲಿ ಏನಾಗುತ್ತದೆ ನೋಡಿ. ಪಾಡ್ ಬಂದು ನಿಲ್ಲುತ್ತದೆ. ಸ್ಕ್ರೀನ್ ಮೇಲೆ ಖಾನೆಯ ಚಿತ್ರ. ಬಲಗಡೆ ಮೂರನೇ ಸಾಲಿನ ಖಾನೆಯಿಂದ ಶಾಂಪೂ ಬಾಟಲಿ ತೆಗೆದು, ಸ್ಕ್ಯಾನ್ ಮಾಡಿ, ಎಡಗಡೆಯ ಕ್ರೇಟ್‌ಗಳಲ್ಲಿ ಯಾವುದರ ಮೇಲೆ ಲೈಟ್ ಹತ್ತಿದೆಯೋ ಅದಕ್ಕೆ ಹಾಕಿ, ಲೈಟ್ ಬಟನ್ ಒತ್ತಬೇಕು. ಈಗ ಪಕ್ಕದವರ ಶೂ ಕಡೆ ನೋಡಿ. ಶೂ ಪಾಡ್ ಕಡೆಗೇ ಇರುತ್ತದೆ, ಅಲುಗುವುದೇ ಇಲ್ಲ. ಹೆಗಲು ಮಾತ್ರ ಎಡಕ್ಕೆ ತಿರುಗಿರುತ್ತದೆ. ಅಂದರೆ ತಿರುವೆಲ್ಲ ಸೊಂಟದಲ್ಲೇ ಆಗುತ್ತಿದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಗಂಟೆಗೆ 250 ಐಟಂ ಅಂದುಕೊಳ್ಳಿ, ಊಟ ಟೀ ಬಿಟ್ಟು 7 ಗಂಟೆ ಕೆಲಸ, 1,750 ಸಲ ಸೊಂಟ ಹಿಂಡಿದ ಹಾಗಾಯಿತು. ಒಂದೇ ದಿನಕ್ಕೆ.

ಬಾಟಲಿ ಕೈಗೆ ಬಂದ ತಕ್ಷಣ ಮೊದಲು ಎಡಪಾದ ತೆಗೆದು ಕ್ರೇಟ್ ಕಡೆ ಇಡಿ. ಬಲಪಾದ ತಾನಾಗಿ ಹಿಂದೆ ಬರುತ್ತದೆ. ಎದೆಯ ಗುಂಡಿ ಮತ್ತು ಶೂ ತುದಿ ಯಾವಾಗಲೂ ಒಂದೇ ದಿಕ್ಕಿಗೆ ಇರಬೇಕು, ಅಷ್ಟೇ ಲೆಕ್ಕ. ಮೊದಲ ಎರಡು ದಿನ ನಿಧಾನ ಅನ್ನಿಸುತ್ತದೆ, ಟಾರ್ಗೆಟ್ ಹೋಯಿತು ಅಂತ ಭಯವೂ ಆಗುತ್ತದೆ. ಒಂದು ವಾರ ಬಿಡದೆ ಮಾಡಿದರೆ ರೂಢಿಯಾಗುತ್ತದೆ. ಇನ್ನೊಂದು ಲಾಭವೂ ಇದೆ. ಹೆಜ್ಜೆ ಹಾಕಿದಾಗಲೆಲ್ಲ ಮೀನಖಂಡ ಹಿಂಡಿದ ಹಾಗಾಗಿ ಕಾಲಲ್ಲಿ ನಿಂತ ರಕ್ತ ಮೇಲಕ್ಕೆ ಹೋಗುತ್ತದೆ, ಸಂಜೆ ಕಾಲು ಊದುವುದೂ ಕಮ್ಮಿ.

ಹತ್ತು ಕೆಜಿ ಹಿಟ್ಟಿನ ಚೀಲದ ಲೆಕ್ಕ

"ಹತ್ತು ಕೆಜಿ ಏನು ಮಹಾ, ಊರಲ್ಲಿ ಐವತ್ತು ಕೆಜಿ ರಾಗಿ ಮೂಟೆ ಹೊತ್ತಿದ್ದೇನೆ ಅಣ್ಣ" ಅಂತ ಎಷ್ಟೋ ಹುಡುಗರು ನನಗೆ ಹೇಳಿದ್ದಾರೆ. ಹೊತ್ತಿರಬಹುದು. ಆದರೆ ಮೂಟೆ ಹೆಗಲ ಮೇಲೆ, ಮೈಗೆ ಅಂಟಿಕೊಂಡು ಇತ್ತು, ಅದೂ ದಿನಕ್ಕೆ ನಾಲ್ಕಾರು ಸಲ. ಇಲ್ಲಿ ಹಾಗಲ್ಲ.

ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಯೋಶ್ (NIOSH) 1991ರಲ್ಲಿ ಪರಿಷ್ಕರಿಸಿದ ಒಂದು ಲೆಕ್ಕ ಇದೆ. ಎರಡು ಕೈಯಲ್ಲಿ ಭಾರ ಎತ್ತುವ ಕೆಲಸಕ್ಕೆ ಜಗತ್ತಿನ ಬಹಳಷ್ಟು ಕಡೆ ಅದನ್ನೇ ಬಳಸುತ್ತಾರೆ. ಎಲ್ಲವೂ ಸರಿಯಾಗಿದ್ದರೆ, ಅಂದರೆ ವಸ್ತು ಮೈಗೆ ಹತ್ತಿರ, ಸೊಂಟದ ಎತ್ತರದಲ್ಲಿ, ಹಿಡಿತ ಚೆನ್ನಾಗಿದ್ದು, ತಿರುಗುವುದೇ ಬೇಡ, ಅಪರೂಪಕ್ಕೆ ಎತ್ತುವುದು ಅಂದರೆ, 23 ಕೆಜಿವರೆಗೆ ಸರಿ. ಒಂದೊಂದು ತೊಂದರೆ ಸೇರಿದ ಹಾಗೆಲ್ಲ ಆ 23 ಇಳಿಯುತ್ತಾ ಹೋಗುತ್ತದೆ.

ಪಾಡಿನ ಕೆಳಗಿನ ಸಾಲಿನಲ್ಲಿರುವ ಹಿಟ್ಟಿನ ಚೀಲಕ್ಕೆ ಲೆಕ್ಕ ಹಾಕೋಣ. ಖಾನೆಯ ಹಿಂದಕ್ಕೆ ಸರಿದಿದೆ, ಹಾಗಾಗಿ ಪಾದದ ಕೀಲಿನಿಂದ ಕೈವರೆಗಿನ ಅಡ್ಡ ದೂರ 25 ಸೆಂಟಿಮೀಟರ್ ಬದಲು 50. ಅಲ್ಲಿಗೇ 23 ಅರ್ಧವಾಗಿ 11.5 ಆಯಿತು. ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿದೆ, ಅಷ್ಟು ಬಗ್ಗಬೇಕು, ಅದಕ್ಕೆ 9.4ಕ್ಕೆ ಇಳಿಯಿತು. ಪಾದ ತಿರುಗಿಸದೆ ಸೊಂಟ 45 ಡಿಗ್ರಿ ತಿರುಗಿಸಿದಿರಿ, ಸುಮಾರು 8. ಅಲ್ಲಿಂದ 60 ಸೆಂಟಿಮೀಟರ್ ಮೇಲಕ್ಕೆ ಎತ್ತಬೇಕು, 7.2. ಇದೇ ಕೆಲಸ ನಿಮಿಷಕ್ಕೊಂದು ಸಲ, ಇಡೀ ಶಿಫ್ಟ್ ಮಾಡಬೇಕು ಅಂದರೆ ಕೊನೆಗೆ ಉಳಿಯುವುದು 5.4 ಕೆಜಿ. ಕೈಯಲ್ಲಿರುವುದು 10 ಕೆಜಿ! ಹೆಚ್ಚುಕಮ್ಮಿ ಎರಡು ಪಟ್ಟು.

ಅದೇ ಚೀಲ ಸೊಂಟದ ಎತ್ತರದ ಸಾಲಿನಲ್ಲಿ, ಮೈಗೆ ಹತ್ತಿರವಾಗಿ ಇದ್ದು, ನೀವು ಪಾದ ತಿರುಗಿಸಿ ಹಾಕಿದಿರಿ ಅಂದುಕೊಳ್ಳಿ. ನಿಮಿಷಕ್ಕೊಂದು ಸಲ ಎತ್ತಿದರೂ 17 ಕೆಜಿವರೆಗೆ ನಡೆಯುತ್ತದೆ. ಚೀಲ ಅದೇ, ಆಳು ಅದೇ. ಇಟ್ಟ ಜಾಗ, ನಿಂತ ರೀತಿ ಮಾತ್ರ ಬೇರೆ.

ಹಾಗಾದರೆ ಕೆಳಗಿನ ಸಾಲು ಬಂದಾಗ ಏನು ಮಾಡುವುದು? ಮೊದಲು ವಸ್ತುವನ್ನು ಖಾನೆಯ ಅಂಚಿಗೆ ಎಳೆದುಕೊಳ್ಳಿ, ಆಮೇಲೆ ಎತ್ತಿ. ಎಳೆಯುವುದು, ಎತ್ತುವುದು ಎರಡನ್ನೂ ಒಟ್ಟಿಗೆ ಮಾಡಲು ಹೋದಾಗಲೇ ಸೊಂಟ ಉಳುಕುವುದು ಜಾಸ್ತಿ. ಭಾರ ಇದ್ದರೆ ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು, ಮಂಡಿ ಬಗ್ಗಿಸಿ, ಹೊಟ್ಟೆಗೆ ಅಂಟಿಸಿಕೊಂಡು ಏಳಿ. ಹಗುರ ವಸ್ತುವಿಗೆ, ಉದಾಹರಣೆಗೆ ಒಂದು ಸೋಪು, ಪ್ರತಿ ಸಲ ಕುಕ್ಕರಗಾಲಲ್ಲಿ ಕೂತು ಏಳುತ್ತಿದ್ದರೆ ಮಂಡಿ ಹಣ್ಣಾಗಿ ಹೋಗುತ್ತದೆ. ಅದಕ್ಕೆ ಎಡಗೈಯನ್ನು ಸ್ಟೇಷನ್ನಿನ ಕಂಬಕ್ಕೋ ಟೇಬಲ್ಲಿಗೋ ಊರಿ, ಬಲಗಾಲು ಹಿಂದಕ್ಕೆ ಚಾಚಿ, ಬೆನ್ನು ನೆಟ್ಟಗಿಟ್ಟು ಬಾಗಿ ತೆಗೆಯಿರಿ. ಆದರೆ ಕೈಯನ್ನು ಪಾಡಿಗೆ ಮಾತ್ರ ಊರಬೇಡಿ, ಅದು ಯಾವಾಗ ಹೊರಡುತ್ತದೋ ಹೇಳಲಾಗದು.

ಸೊಂಟದ ಬೆಲ್ಟ್ ಬಗ್ಗೆ ದಿನಾ ಒಬ್ಬರಾದರೂ ಕೇಳುತ್ತಾರೆ. ನೋವಿಲ್ಲದವರು ಮುಂಜಾಗ್ರತೆಗೆ ಅಂತ ಬೆಲ್ಟ್ ಕಟ್ಟಿಕೊಳ್ಳುವುದನ್ನು ಅದೇ ನಯೋಶ್ ಸಂಸ್ಥೆ 1994ರಲ್ಲೇ ಶಿಫಾರಸು ಮಾಡುವುದಿಲ್ಲ ಅಂದಿದೆ. ಬೆಲ್ಟ್ ಕಟ್ಟಿದರೆ ಧೈರ್ಯ ಜಾಸ್ತಿಯಾಗಿ ಇನ್ನೂ ಭಾರ ಎತ್ತುವವರನ್ನು ನಾನೇ ನೋಡಿದ್ದೇನೆ. ಡಾಕ್ಟರ್ ಹೇಳಿದ್ದರೆ ಹಾಕಿ. ಸುಮ್ನೆ ದುಡ್ಡು ಕೊಟ್ಟು ತರಬೇಡಿ.

ಮೇಲಿನ ಸಾಲು

ನನ್ನ ಹೆಗಲು ಕೈಕೊಟ್ಟಿದ್ದು ಇಲ್ಲಿಯೇ. ಸ್ಟೇಷನ್ನಿನಲ್ಲಿ ಸಣ್ಣ ಮೆಟ್ಟಿಲು ಇತ್ತು. ಆದರೆ ಅದನ್ನು ಎಳೆದು, ಹತ್ತಿ, ಇಳಿಯುವಷ್ಟರಲ್ಲಿ ಹತ್ತು ಸೆಕೆಂಡ್ ಹೋಗುತ್ತದೆ ಅಂತ ತುದಿಗಾಲಲ್ಲಿ ನಿಂತು ಕೈ ಚಾಚಿ ತೆಗೆಯುತ್ತಿದ್ದೆ. ಸೆಕೆಂಡ್ ಉಳಿಸಲು ಹೋಗಿ ಎರಡು ತಿಂಗಳು ಫಿಸಿಯೋಥೆರಪಿಗೆ ಅಲೆದೆ. ಕಣ್ಣಿಗಿಂತ ಮೇಲಿರುವ ಯಾವುದಕ್ಕೇ ಆಗಲಿ ಮೆಟ್ಟಿಲು ಹತ್ತಿ, ಎರಡೂ ಕೈ ಹಾಕಿ. ಮೆಟ್ಟಿಲನ್ನು ಪಾಡಿನ ಪಕ್ಕಕ್ಕೇ ಇಟ್ಟುಕೊಳ್ಳಿ, ಎರಡು ಹೆಜ್ಜೆ ದೂರ ಇದ್ದರೂ ಯಾರೂ ಬಳಸುವುದಿಲ್ಲ. ಮೆಟ್ಟಿಲು ಅಲ್ಲಾಡಿದರೆ ತಕ್ಷಣ ಹೇಳಿ ಬದಲಾಯಿಸಿ. ಸ್ಕ್ಯಾನರ್ ಕೈಯಲ್ಲಿ ಹಿಡಿಯುವಂಥದ್ದಾದರೆ ಅರ್ಧ ಶಿಫ್ಟ್ ಬಲಗೈ, ಅರ್ಧ ಶಿಫ್ಟ್ ಎಡಗೈ. ಕಷ್ಟ ಅನ್ನಿಸುತ್ತದೆ, ಆದರೆ ಹದಿನೈದು ದಿನದಲ್ಲಿ ಎಡಗೈಗೂ ಬರುತ್ತದೆ.

ನಿಂತು ನಿಂತು

ಕಾಂಕ್ರೀಟ್ ನೆಲದ ಮೇಲೆ ಎಂಟು ಗಂಟೆ ಒಂದೇ ಜಾಗದಲ್ಲಿ ನಿಲ್ಲುವುದು ನಡೆಯುವುದಕ್ಕಿಂತ ಕಷ್ಟ. ಹಿಮ್ಮಡಿ ಉರಿಯುತ್ತದೆ, ಪಾದ ಊದುತ್ತದೆ, ವರ್ಷಗಟ್ಟಲೆ ಹೀಗೇ ನಡೆದರೆ ಕಾಲಿನ ರಕ್ತನಾಳ ಉಬ್ಬಿ ಗಂಟುಗಂಟಾಗುತ್ತದೆ. ಟ್ರಾಫಿಕ್ ಪೊಲೀಸರಿಗೆ, ಹೋಟೆಲ್ ಅಡುಗೆಯವರಿಗೆ ಆಗುತ್ತದಲ್ಲ, ಅದೇ.

ಕಾಲಡಿಗೆ ರಬ್ಬರ್ ಮ್ಯಾಟ್ ಕೇಳಿ ಪಡೆಯಿರಿ. ಅಂಚು ಎದ್ದ ಮ್ಯಾಟ್ ಬೇಡ, ಎಡವಿ ಬೀಳುತ್ತೀರಿ. ಪ್ಯಾಕಿಂಗ್ ಟೇಬಲ್ ಕೆಳಗೆ ಹತ್ತು ಹದಿನೈದು ಸೆಂಟಿಮೀಟರ್ ಎತ್ತರದ ಒಂದು ಹಲಗೆಯೋ ಗಟ್ಟಿ ಪೆಟ್ಟಿಗೆಯೋ ಇಟ್ಟು, ಒಂದು ಕಾಲು ಅದರ ಮೇಲಿಡಿ, ಸ್ವಲ್ಪ ಹೊತ್ತಿಗೆ ಕಾಲು ಬದಲಿಸಿ. ಸೊಂಟಕ್ಕೆ ಎಷ್ಟು ಹಾಯಾಗುತ್ತದೆ ಅಂತ ಮೊದಲ ದಿನವೇ ಗೊತ್ತಾಗುತ್ತದೆ.

ಸೇಫ್ಟಿ ಶೂ ವಿಷಯದಲ್ಲಿ ರಾಜಿ ಬೇಡ. ಕಾಂಟ್ರಾಕ್ಟರ್ ಕೊಡುವ ಶೂ ಸೈಜ್ ಸರಿಯಿಲ್ಲದಿದ್ದರೆ "ಅಡ್ಜಸ್ಟ್ ಮಾಡಿಕೊಳ್ಳಿ" ಅನ್ನುತ್ತಾರೆ, ಮಾಡಿಕೊಳ್ಳಬೇಡಿ, ಬದಲಾಯಿಸಿ. ಅಳತೆ ಕೊಡುವುದಾದರೆ ಸಂಜೆ ಕೊಡಿ, ಬೆಳಗ್ಗೆಗಿಂತ ಸಂಜೆ ಪಾದ ಸ್ವಲ್ಪ ದೊಡ್ಡದಿರುತ್ತದೆ. ಒಳಗಿನ ಸೋಲ್ ಚಪ್ಪಟೆಯಾಗಿ ಹೋಗಿದ್ದರೆ ಅದೊಂದನ್ನೇ ಹೊಸದು ತಂದು ಹಾಕಬಹುದು. ಮನೆಗೆ ಹೋದ ಮೇಲೆ ಹತ್ತು ನಿಮಿಷ ಮಲಗಿ ಕಾಲನ್ನು ಗೋಡೆಗೆ ಒರಗಿಸಿ ಮೇಲಕ್ಕಿಡಿ. ನೀರು ಕುಡಿಯಿರಿ. ಬಾತ್‌ರೂಮಿಗೆ ಹೋದರೆ ಟೈಮ್ ಹೋಗುತ್ತದೆ ಅಂತ ನೀರನ್ನೇ ಬಿಡುವವರು, ಅದರಲ್ಲೂ ಹೆಣ್ಣುಮಕ್ಕಳು, ತುಂಬ ಜನ ಇದ್ದಾರೆ. ಇದು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಉರಿಮೂತ್ರ, ಕಲ್ಲು ಎಲ್ಲ ಹೀಗೇ ಶುರುವಾಗುವುದು. ಹೋಗಿ ಬನ್ನಿ. ಆ ನಾಲ್ಕು ಹೆಜ್ಜೆ ನಡಿಗೆಯೂ ಕಾಲಿಗೆ ಬೇಕು.

ಕೂರುವುದು ಸೋಮಾರಿತನ ಅಂತ ಯಾರಾದರೂ ಅಂದರೆ ಹೇಳಿ: ನಿಂತೇ ಕೆಲಸ ಮಾಡಬೇಕಾದವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ನಿನಲ್ಲೇ ಬರೆದಿದ್ದರು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ, ಮಳಿಗೆ ಕೆಲಸಗಾರರಿಗೂ ಕೂರುವ ಹಕ್ಕು ಕೊಟ್ಟವು.

ಹೆಬ್ಬೆರಳು, ಮಣಿಕಟ್ಟು

ಕುಣಿಗಲ್ ಕಡೆಯ ಒಬ್ಬ ಅಕ್ಕ ಪ್ಯಾಕಿಂಗ್‌ನಲ್ಲಿ ಇದ್ದರು. ಟೇಪ್ ಗನ್ ಎಳೆದು ಬಾಕ್ಸ್ ಅಂಟಿಸುವ ಕೆಲಸ. ಒಂದು ದಿನ ಟೀ ಬ್ರೇಕಿನಲ್ಲಿ ಲೋಟ ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದರು. ಯಾಕಕ್ಕಾ ಅಂದೆ. "ಮನೇಲಿ ಬಟ್ಟೆ ಹಿಂಡಕ್ಕಾಗ್ತಿಲ್ಲ ಕಣಣ್ಣ, ಹೆಬ್ಬೆರಳಿನ ಬುಡ ಚುಚ್ಚಿದ ಹಾಗಾಗುತ್ತೆ" ಅಂದರು. ಹೆಬ್ಬೆರಳನ್ನು ಅಂಗೈ ಒಳಗೆ ಮಡಿಸಿ, ಮುಷ್ಟಿ ಕಟ್ಟಿ, ಮುಷ್ಟಿಯನ್ನು ಮೆಲ್ಲಗೆ ಕಿರುಬೆರಳಿನ ಕಡೆಗೆ ಬಾಗಿಸಿ ನೋಡಿ ಅಂದೆ. ಅರ್ಧಕ್ಕೇ ಚೀರಿದರು. ಹೆಬ್ಬೆರಳ ಬುಡದಲ್ಲಿ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳ ಉರಿಯೂತದಿಂದ ಹೀಗಾಗುತ್ತದೆ ಅಂತ ಡಾಕ್ಟರ್ ಹೇಳಿದರು.

ಅವರ ಟೇಬಲ್ ಎತ್ತರ ಮೊಣಕೈಗಿಂತ ಮೇಲಿತ್ತು, ಅದೇ ದೊಡ್ಡ ತೊಂದರೆ. ಟೇಬಲ್ಲನ್ನು ಎತ್ತರದ ಗಂಡಸರ ಲೆಕ್ಕಕ್ಕೆ ಇಟ್ಟಿದ್ದರು. ಹಗುರ ಕೆಲಸಕ್ಕೆ ಟೇಬಲ್ ಮೊಣಕೈಗಿಂತ ಐದು ಹತ್ತು ಸೆಂಟಿಮೀಟರ್ ಕೆಳಗಿರಬೇಕು, ಭಾರದ ಬಾಕ್ಸ್ ಆದರೆ ಇನ್ನೂ ಕೆಳಗೆ. ಟೇಬಲ್ ಇಳಿಸಲು ಆಗದಿದ್ದರೆ ನಿಲ್ಲುವ ಜಾಗಕ್ಕೆ ಅಗಲವಾದ ಗಟ್ಟಿ ಪ್ಲಾಟ್‌ಫಾರಂ ಹಾಕಿಸಿ. ಟೇಪ್ ಎಳೆಯುವಾಗ ಮಣಿಕಟ್ಟು ನೆಟ್ಟಗಿರಲಿ, ಮೊಣಕೈಯಿಂದ ಎಳೆಯಿರಿ. ಟೇಪ್ ಗನ್ನಿನ ಬ್ಲೇಡ್ ಮೊಂಡಾಗಿದ್ದರೆ ಪ್ರತಿ ಬಾಕ್ಸಿಗೂ ಮಣಿಕಟ್ಟು ತಿರುಚಿ ಹರಿಯಬೇಕಾಗುತ್ತದೆ, ಬದಲಾಯಿಸಿ. ಮತ್ತೆ ಮನೆಯ ಕೆಲಸ. ಶಿಫ್ಟ್ ಮುಗಿಸಿ ಹೋಗಿ ಬಟ್ಟೆ ಹಿಂಡುವುದು, ರಾಗಿ ಮುದ್ದೆ ತಿರುವುವುದು, ಕೊಡ ಎತ್ತುವುದು, ಎಲ್ಲ ಅದೇ ಹೆಬ್ಬೆರಳ ಮೇಲೇ ಬೀಳುತ್ತದೆ. ನೋವಿರುವ ದಿನಗಳಲ್ಲಿ ಆ ಕೆಲಸ ಮನೆಯ ಬೇರೆಯವರು ಮಾಡಲಿ, ಗಂಡಸರಿಗೂ ಕೈ ಇದೆ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿದರೆ ಸರಿಹೋಗುತ್ತದೆ ಅಂದರೆ ಮಣಿಕಟ್ಟಿನಲ್ಲಿ ನರ ಒತ್ತುತ್ತಿರಬಹುದು. ಬೇಗ ತೋರಿಸಿದರೆ ರಾತ್ರಿ ಪಟ್ಟಿ ಕಟ್ಟಿಕೊಂಡು ಮಲಗುವುದರಲ್ಲೇ ಎಷ್ಟೋ ಜನರಿಗೆ ಕಮ್ಮಿಯಾಗುತ್ತದೆ. ತಡ ಮಾಡಿದರೆ ಬೆರಳಿನ ಹಿಡಿತವೇ ಹೋಗುತ್ತದೆ.

ಪಾಡ್ ಬರುವ ತನಕ

ಒಂದು ಪಾಡ್ ಹೋಗಿ ಇನ್ನೊಂದು ಬರುವ ಮಧ್ಯೆ ಐದಾರು ಸೆಕೆಂಡ್, ಕೆಲವು ಸಲ ಇನ್ನೂ ಜಾಸ್ತಿ ಸಿಗುತ್ತದೆ. ಎಲ್ಲರೂ ಆಗ ಏನು ಮಾಡುತ್ತಾರೆ? ಕೈ ಮುಂದೆ ಚಾಚಿಕೊಂಡು, ಕತ್ತು ಬಗ್ಗಿಸಿ, ಸ್ಕ್ರೀನ್ ನೋಡುತ್ತಾ ಕಾಯುತ್ತಾರೆ. ಹಾಗೆ ಮಾಡಬೇಡಿ. ಎರಡೂ ಕೈ ಇಳಿಬಿಡಿ, ಹೆಗಲನ್ನು ಹಿಂದಕ್ಕೆ ಒಂದು ಸುತ್ತು ತಿರುಗಿಸಿ, ಹಿಮ್ಮಡಿ ನಾಲ್ಕು ಸಲ ಎತ್ತಿ ಇಳಿಸಿ. ತುಂಬ ಬಗ್ಗಿದ್ದರೆ ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ಹಿಂದಕ್ಕೆ ಬಾಗಿ. ಶಿಫ್ಟಿನಲ್ಲಿ ನೂರಾರು ಸಲ ಇಂಥ ಸಂದಿ ಸಿಗುತ್ತದೆ. ಮೊದಲಿದ್ದ ಆ ನಡಿಗೆಯ ಬಿಡುವಿಗೆ ಬದಲಿಯಾಗಿ ನಮ್ಮ ಕೈಲಿರುವುದು ಇದೊಂದೇ, ಬಿಡಬೇಡಿ.

ಟಿಎಲ್ (ಟೀಮ್ ಲೀಡರ್), ಮ್ಯಾನೇಜರ್ ಆದವರಿಗೆ

ಮೇಲೆ ಹೇಳಿದ್ದೆಲ್ಲ ಕೆಲಸಗಾರರು ಮಾಡಬಹುದಾದದ್ದು. ಆದರೆ ಅರ್ಧಕ್ಕಿಂತ ಜಾಸ್ತಿ ತೊಂದರೆ ಸರಿಹೋಗುವುದು ನಿಮ್ಮ ಕೈಯಿಂದ, ಅದನ್ನು ನೇರವಾಗಿಯೇ ಹೇಳುತ್ತೇನೆ. ಯಾವ ಐಟಂ ಯಾವ ಸಾಲಿಗೆ ಹೋಗಬೇಕು ಅಂತ ಸಾಫ್ಟ್‌ವೇರಿನಲ್ಲಿ ಹಾಕಬಹುದು. ಎಣ್ಣೆ ಕ್ಯಾನು, ಹಿಟ್ಟು, ಡಿಟರ್ಜೆಂಟ್‌ನಂಥ ಭಾರದ್ದು, ಜಾಸ್ತಿ ಓಡುವಂಥದ್ದು ತೊಡೆಯಿಂದ ಎದೆಯವರೆಗಿನ ಸಾಲಿನಲ್ಲಿರಲಿ. ತೀರ ಮೇಲೆ, ತೀರ ಕೆಳಗೆ ಹಗುರವಾದದ್ದು, ಅಪರೂಪಕ್ಕೆ ಹೋಗುವಂಥದ್ದು. ಇದೊಂದು ಬದಲಾವಣೆ ಹತ್ತು ಟ್ರೈನಿಂಗ್ ಕ್ಲಾಸಿಗೆ ಸಮ. ರೋಬೋಟ್ ಭಾರ ನೋಡಿ ಕರುಣೆ ತೋರಿಸುವುದಿಲ್ಲ, ನಾವು ಬರೆದ ಹಾಗೆ ತರುತ್ತದೆ.

ಎರಡು ಗಂಟೆಗೊಮ್ಮೆ ಕೆಲಸ ಬದಲಿಸಿ, ಆದರೆ ನಿಜವಾಗಿ ಬದಲಾಗಬೇಕು. ಪಿಕ್ಕಿಂಗಿನಿಂದ ಸ್ಟೋಯಿಂಗಿಗೆ ಹಾಕಿದರೆ ಅದೇ ಹೆಗಲು, ಅದೇ ಸೊಂಟ. ಪಿಕ್ಕಿಂಗಿನಿಂದ ನಡೆದಾಡುವ ಕೆಲಸಕ್ಕೋ, ಕೂತು ಮಾಡುವ ರಿಟರ್ನ್ ಚೆಕ್ಕಿಂಗಿಗೋ ಹಾಕಿ. ಟಾರ್ಗೆಟ್ ಏನು ಅಂತ ಬರಹದಲ್ಲಿ ಕೊಡಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿಯಿಂದ ದೊಡ್ಡ ವೇರ್‌ಹೌಸ್‌ಗಳು ಟಾರ್ಗೆಟ್ ಅನ್ನು ಬರೆದು ಕೊಡಲೇಬೇಕು, ಊಟದ ಬಿಡುವು, ಬಾತ್‌ರೂಮು ತಪ್ಪಿಸುವಂಥ ಟಾರ್ಗೆಟ್ ಇಡುವ ಹಾಗಿಲ್ಲ ಅಂತ ಕಾನೂನೇ ಇದೆ. ಇಲ್ಲಿ ಕಾನೂನು ಬರುವ ತನಕ ಕಾಯಬೇಕಾಗಿಲ್ಲ ಅಲ್ವಾ?

ನೋವು ಶುರುವಾದಾಗ

ಶಿಫ್ಟ್ ಮುಗಿದಾಗ ಇದ್ದ ನೋವು ರಾತ್ರಿ ಮಲಗಿ ಎದ್ದಾಗ ಹೋಗಿದ್ದರೆ ಅದು ಬಳಲಿಕೆ. ಬೆಳಗ್ಗೆಯೂ ಇದ್ದರೆ, ವಾರದ ರಜೆ ಕಳೆದ ಮೇಲೂ ಇದ್ದರೆ ಡಾಕ್ಟರಿಗೆ ತೋರಿಸಿ. ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ನುಂಗಿ ಶಿಫ್ಟ್ ಎಳೆಯುವುದು ಬೇಡ, ನೋವು ಗೊತ್ತಾಗದೆ ಪೆಟ್ಟು ಇನ್ನೂ ಜಾಸ್ತಿಯಾಗುತ್ತದೆ. ಸೊಂಟದ ನೋವು ಮಂಡಿ ದಾಟಿ ಕೆಳಗಿಳಿದರೆ ತಡ ಮಾಡಬೇಡಿ. ಪಾದ ಎತ್ತಲು ಬಲ ಸಾಲದಿದ್ದರೆ, ಮಲ ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅದೇ ಗಳಿಗೆ ದೊಡ್ಡ ಆಸ್ಪತ್ರೆಗೆ ಹೋಗಿ.

ಮತ್ತೊಂದು, ನಾನು ಮಾಡದೆ ಕೈಸುಟ್ಟುಕೊಂಡ ಕೆಲಸ: ನೋವು ಶುರುವಾದ ದಿನವೇ ಬರೆಸಿ. ಫಸ್ಟ್ ಏಡ್ ರಿಜಿಸ್ಟರಿನಲ್ಲಿ ದಿನಾಂಕ, ಸ್ಟೇಷನ್ ನಂಬರ್, ಏನು ಎತ್ತುವಾಗ ಆಯಿತು ಅಂತ ಬರೆಸಿ ಫೋಟೋ ತೆಗೆದುಕೊಳ್ಳಿ. ಬರೆದುಕೊಳ್ಳದಿದ್ದರೆ ಟಿಎಲ್‌ಗೆ ವಾಟ್ಸಾಪ್ ಮೆಸೇಜಾದರೂ ಹಾಕಿ. ನನ್ನ ಹೆಗಲು ಹಿಡಿದಾಗ ನಾನು ಬಾಯಲ್ಲಿ ಮಾತ್ರ ಹೇಳಿದ್ದೆ. ಆಮೇಲೆ "ಮನೆಯಲ್ಲಿ ಮಾಡಿಕೊಂಡಿರಬೇಕು" ಅಂದುಬಿಟ್ಟರು.

ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ನೀವು ಕೆಲಸಗಾರರ ವಿಮೆಯಾದ ಇಎಸ್‌ಐಗೆ ಬರುತ್ತೀರಿ, ಕಾಂಟ್ರಾಕ್ಟ್ ಮೇಲೆ ಇದ್ದರೂ ಸರಿ. ನಿಮ್ಮ ಸಂಬಳದಲ್ಲಿ 0.75% ಹಿಡಿಯುತ್ತಾರೆ, ಮಾಲೀಕರು 3.25% ಸೇರಿಸಬೇಕು. ಪೇ ಸ್ಲಿಪ್ಪಿನಲ್ಲಿ ಆ ಸಾಲು ಇದೆಯಾ ನೋಡಿ, ಇಎಸ್‌ಐ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ಡಾಕ್ಟರ್ ರಜೆ ಬರೆದುಕೊಟ್ಟರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70% ಸಿಗುತ್ತದೆ, ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಕೆಲಸದಲ್ಲೇ ಆದ ಪೆಟ್ಟು ಅಂತ ಒಪ್ಪಿದರೆ 90%, ಅದಕ್ಕೆ ಈ 78 ದಿನದ ಲೆಕ್ಕವಿಲ್ಲ. ಅದನ್ನು ಒಪ್ಪಿಸಲು ಬೇಕಾಗುವುದು ನೀವು ಅವತ್ತು ರಿಜಿಸ್ಟರಿನಲ್ಲಿ ಬರೆಸಿದ ಆ ಎರಡು ಸಾಲು. ಇವತ್ತೇ ಶಿಫ್ಟಿಗೆ ಹೋದಾಗ ರಿಜಿಸ್ಟರ್ ಎಲ್ಲಿದೆ ಅಂತ ಕೇಳಿಟ್ಟುಕೊಳ್ಳಿ.